ಕೆಳದವಡೆಯ ಪಾಲು

ತೋಬಾ ಸರೋವರದ ದಂಡೆಯ ನಾಲ್ಕು ಜಿಲ್ಲೆಗಳ ಭವಿಷ್ಯವನ್ನು ನಿರ್ಧರಿಸಬೇಕಾಗಿದ್ದ ಗಹನವಾದ ಪ್ರಶ್ನೆ ಇದು: ಬೆಂದ ಹಂದಿಯ ಕೆಳದವಡೆ ಯಾರ ತಟ್ಟೆಗೆ?

ಅದನ್ನು ಬೇಯಿಸಿದವಳು ರುಮೊಂದಾಂಗ್, ಮೂರು ಕೋಣೆಗಳ ವಸತಿಗೃಹ ನಡೆಸುವ ವಿಧವೆ. ಅವಳ ಮನೆಯೆದುರಿನ ಕೊಲ್ಲಿಯ ತುಂಬ ಮೀನು ಸಾಕುವ ಬಲೆಗೂಡುಗಳು. ಕೊಳೆತ ಮೇವಿನ ನಾತಕ್ಕೆ ಪ್ರವಾಸಿಗರು ಚೀಲ ಇಳಿಸುವ ಮೊದಲೇ ತಿರುಗಿ ಹೋಗುತ್ತಿದ್ದರು. ನೀರನ್ನು ಶುದ್ಧವಾಗಿಟ್ಟು ಪ್ರವಾಸಿಗರನ್ನು ಉಳಿಸಿಕೊಳ್ಳೋಣವೆಂಬ ಒಪ್ಪಂದಕ್ಕೆ ನಾಲ್ವರು ಜಿಲ್ಲಾಧ್ಯಕ್ಷರೂ ಇವತ್ತು ಅವಳ ಊಟದ ಕೋಣೆಯಲ್ಲಿ ಕೂತು ಸಹಿ ಹಾಕಿದರೆ ಆ ಗೂಡುಗಳು ತೆರವಾಗುತ್ತವೆ. ಒಂದು ಸಹಿ ತಪ್ಪಿದರೂ ಕಾಗದ ರದ್ದಿಗೆ.

ಮಾಂಸದ ಪಾಲು ಹಂಚದೆ ಈ ಸರೋವರದ ಸುತ್ತಲಿನ ಬಟಾಕ ಜನರ ಸಭೆಯಲ್ಲಿ ಕೆಲಸದ ಮಾತಿಗೆ ಯಾರೂ ಬಾಯಿ ತೆರೆಯುವಂತಿಲ್ಲ. ಸಿಕ್ಕ ತುಂಡೇ ಕೂತವನ ಅಂತಸ್ತು; ಎಲ್ಲಕ್ಕಿಂತ ಹಿರಿಯ ಪಾಲು ಕೆಳದವಡೆ.

“ನಮ್ ಕಡೆ ದವಡೆ ಸಭೆ ಕರೆದೋರಿಗೆ,” ಎಂದ ಸಭೆ ಕರೆದಿದ್ದ ಪೂರ್ವ ದಂಡೆಯ ಅಧ್ಯಕ್ಷ ಮಾಂಗಿಹುತ್.

“ನಮ್ ಕಡೆ ಬಂದೋರಿಗೆ. ನೀವು ಅತಿಥಿಗೆ ಬರೀ ಮೂಳೆ ತೋರ್ಸಿ ಕಳಿಸ್ತೀರಿ ಅಂತ ಕೇಳಿದ್ದೆ ಭಾವ, ನಂಬಿರ್ಲಿಲ್ಲ,” ಎಂದ ಪಶ್ಚಿಮ ದಂಡೆಯ ಪೊಲ್ತಾಕ್.

“ನಿಮ್ಮಜ್ಜ ನಮ್ಮಜ್ಜನ ಮನೇಲಿ ಗೊರಸಿನ ತುಂಡು ತಿಂದು ಕೈ ಮುಗಿದು ಹೋಗ್ತಿದ್ದ.”

“ಬೇಯ್ಸಿ ಕೊಡ್ತಿದ್ರೋ, ಹಸೀದೋ?”

ಉತ್ತರ ದಂಡೆಯವನು, ಜಗಳ ಬೇಡ, ನಾನೇ ಇಟ್ಟುಕೊಳ್ಳುತ್ತೇನೆ ಎಂದ. ದಕ್ಷಿಣದವನು ತನ್ನ ತಟ್ಟೆ ಮುಂದೆ ಸರಿಸಿದ.

ಹೀಗೇ ಎರಡು ಗಂಟೆ ಕಳೆಯಿತು. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತು. ಕಿಟಕಿಯಿಂದ ಕೊಲ್ಲಿಯ ನಾತ ಬರುತ್ತಲೇ ಇತ್ತು. ಯಾರೂ ಮೂಗು ಮುಚ್ಚಲಿಲ್ಲ, ಬಾಯಂತೂ ಇಲ್ಲವೇ ಇಲ್ಲ.

ರುಮೊಂದಾಂಗ್‌ಳ ತಾಳ್ಮೆ ತೀರಿತು. ಅಡುಗೆಮನೆಯಿಂದ ಮಚ್ಚು ತಂದವಳೇ ದವಡೆಯನ್ನು ನಾಲ್ಕು ಹೋಳು ಮಾಡಿ ನಾಲ್ಕು ತಟ್ಟೆಗೂ ಎಸೆದಳು.

“ತಗೊಳ್ಳಿ, ಸಮಸಮ. ಈಗ ಸಹಿ ಹಾಕಿ.”

ಇಡೀ ದವಡೆ ಸಿಗದವನಿಗೆ ಬೇಸರವಷ್ಟೇ. ಕಡಿದ ದವಡೆ ಸಿಕ್ಕವನಿಗೆ ಅವಮಾನ. ಅದೀಗ ನಾಲ್ವರಿಗೂ ಒಟ್ಟಿಗೇ ಆಗಿತ್ತು.

“ಏನಮ್ಮಾ, ನಮ್ಮನ್ನ ಬೀದಿನಾಯಿ ಅಂದ್ಕೊಂಡ್ರಾ?” ಎಂದ ಮಾಂಗಿಹುತ್.

“ನಾಯಿ ಆಗಿದ್ರೆ ಇಷ್ಟೊತ್ತಿಗೆ ತಿಂದು ಮುಗಿಸ್ತಿತ್ತು.”

ಪೊಲ್ತಾಕ್ ಮಾಂಗಿಹುತ್‌ನ ತೋಳು ಹಿಡಿದ. “ಏಳು ಭಾವ, ಇಲ್ಲಿ ಮರ್ಯಾದಸ್ಥರಿಗೆ ಜಾಗ ಇಲ್ಲ.” ಉಳಿದಿಬ್ಬರೂ ಎದ್ದರು. ನಾಲ್ಕು ಜಿಲ್ಲೆಗಳು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಒಪ್ಪಂದಕ್ಕೆ ಸಹಿ ಬೀಳಲಿಲ್ಲ. ಬಲೆಗೂಡುಗಳು ಕೊಲ್ಲಿಯಲ್ಲೇ ಉಳಿದವು. ರುಮೊಂದಾಂಗ್ ವಸತಿಗೃಹ ಮುಚ್ಚಿದಳು.