ಯಾರಿಗೂ ಕೇಳಿಸದ ಟಕ್ಕು

ಮೂರನೆಯ ಒದೆತಕ್ಕೆ ಗಾಡಿ ಎದ್ದಿತು.

"ಅತ್ತೆ, ಬೇಗ ಹತ್ತಿ. ವ್ಯಾನು ಹೊರಟಾಯ್ತು."

ಅಪ್ಪನ ತಂಗಿ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಹಿಂದೆ ಕೂತಳು. "ನಿಧಾನ ಕಣೇ. ಅಣ್ಣನ ಹಿಂದೇನೇ ನನ್ನೂ ಕಳಿಸ್ಬೇಡ."

ಮುಂದಿನ ವ್ಯಾನಿನಲ್ಲಿ ಶವಪೆಟ್ಟಿಗೆಯೊಳಗೆ ಅಪ್ಪ ಮಲಗಿದ್ದ. ಹಿಂದೆ ಗ್ಯಾರೇಜಿನವರ ಏಳೆಂಟು ಗಾಡಿಗಳು ಸದ್ದಡಗಿಸಿಕೊಂಡು ಬರುತ್ತಿದ್ದವು. ಅಪ್ಪನ ಹಳೆಯ ಮೋಟಾರ್‌ಸೈಕಲ್ಲನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟುಬರಲು ಮಗಳಿಗೆ ಮನಸ್ಸಾಗಿರಲಿಲ್ಲ. ಅದನ್ನೇ ಏರಿ ಬಂದಿದ್ದಳು.

ಔಷಧಿ ಅಂಗಡಿಯ ಮೂಲೆ ತಿರುಗುವಾಗ ಅದು ಕೇಳಿಸಿತು. ಟಕ್. ಸ್ವಲ್ಪ ತಡೆದು, ಟಕ್ ಟಕ್. ಬೀಗ ಹಾಕಿದ ಕೋಣೆಯೊಳಗಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಾಗಿಲು ಬಡಿದ ಹಾಗೆ.

ಅಪ್ಪ ಹೇಳುತ್ತಿದ್ದದ್ದು ಇದೇ ಸದ್ದು.

"ಅತ್ತೆ, ಏನಾದ್ರೂ ಕೇಳಿಸ್ತಾ?"

"ನನ್ನೆದೆ ಹೊಡ್ಕೊಳ್ಳೋದು ಕೇಳಿಸ್ತಿದೆ. ನೀನು ರಸ್ತೆ ನೋಡು."

* * *

ದೇವರು ಹೊಟ್ಟೆಪಾಡಿಗೆಂದು ಒಬ್ಬನಿಗೆ ಕೈ ಕೊಡುತ್ತಾನೆ, ಒಬ್ಬನಿಗೆ ಬಾಯಿ ಕೊಡುತ್ತಾನೆ. ಅಪ್ಪನಿಗೆ ಕಿವಿ ಕೊಟ್ಟಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಪ್ರಾರ್ಥನೆಗೆ ಕೂತವನಂತೆ ಕಣ್ಣು ಮುಚ್ಚುತ್ತಿದ್ದ. "ಬೇರಿಂಗು" ಎಂದರೆ ಬೇರಿಂಗೇ. ಜನ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಅಮ್ಮ ತೀರಿಕೊಂಡ ತಿಂಗಳಿಗೆ ಅವನ ಸ್ವಂತ ಗಾಡಿಯಲ್ಲೇ ಸದ್ದು ಬಂದು ಸೇರಿಕೊಂಡಿತು.

"ಮುಂಚೆ ಇರ್ಲಿಲ್ವಾ ಅಪ್ಪ?"

"ಇತ್ತೋ ಏನೋ. ನಿಮ್ಮಮ್ಮ ಹತ್ತಿದ್ರೆ ಇಳಿಯೋ ತನಕ ಬಾಯಿ ಮುಚ್ತಿರ್ಲಿಲ್ಲ. ನನಗೆಲ್ಲಿ ಕೇಳಿಸ್ಬೇಕು?"

ಚೈನು ಬದಲಾಯಿಸಿದ. ಮಡ್‌ಗಾರ್ಡ್ ಬಿಚ್ಚಿಟ್ಟು ಓಡಿಸಿದ. ಎಂಜಿನ್ನನ್ನೇ ಇಳಿಸಿ ಮತ್ತೆ ಕೂರಿಸಿದ. ಸದ್ದು ಜಪ್ಪಯ್ಯ ಎನ್ನಲಿಲ್ಲ. ಗ್ಯಾರೇಜಿನ ಪಾಲುದಾರ ತಾನೇ ಒಂದು ಸುತ್ತು ಹೋಗಿಬಂದು, "ಬೆಣ್ಣೆ ಹಾಗೆ ಹೋಗುತ್ತಲ್ಲಯ್ಯ! ಏನೂ ಇಲ್ಲ" ಎಂದು ಬೆನ್ನು ತಟ್ಟಿದ.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ಮಗಳ ಕೆಲಸ. ಒಂದು ದಿನ ಅಪ್ಪನನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿದಳು. ಕಾಗದದ ಮೇಲಿನ ಗೆರೆ ಗುಡ್ಡ ಇಳಿದಂತೆ ಇಳಿಯಿತು.

"ಸದ್ದು ಗಾಡೀಲಿಲ್ಲ ಅಪ್ಪ. ನಿನ್ನ ಕಿವಿಯೊಳಗೇ ಹುಟ್ತಿದೆ. ವಯಸ್ಸಾದ್ರೆ ಹೀಗಾಗುತ್ತೆ."

"ಕಿವಿ ಹಳೇದಾಗಿರ್ಬಹುದು ಮಗಳೇ. ಸುಳ್ಳು ಹೇಳೋದು ಅದಕ್ಕೆ ಗೊತ್ತಿಲ್ಲ."

ಅವಳು ಅಷ್ಟಕ್ಕೇ ಬಿಡಲಿಲ್ಲ. ಅವನ ಒಳ್ಳೆಯದಕ್ಕೇ ಎಂದುಕೊಂಡು ಪಾಲುದಾರನಿಗೂ ಹೇಳಿದಳು: "ಇಲ್ಲದ ಸದ್ದು ಕೇಳಿಸ್ಕೊಳ್ಳೋರು ಇರೋ ಸದ್ದು ಬಿಟ್ರೆ ಯಾರದಾದ್ರೂ ಜೀವ ಹೋಗುತ್ತೆ, ಮಾಮ."

ಮರುದಿನದಿಂದ ಅಪ್ಪನಿಗೆ ಪಂಕ್ಚರ್ ಕೆಲಸ. ಎಂಟು ತಿಂಗಳು ಅವನು ಟ್ಯೂಬುಗಳನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವುದನ್ನು ನೋಡುತ್ತ ಕೂತ. ಅದು ಕಣ್ಣಿನ ಕೆಲಸ. ಕಿವಿಯನ್ನು ಯಾರೂ ಕೇಳಲಿಲ್ಲ. ಯಾಕೆಂದು ಅವನೂ ಕೇಳಲಿಲ್ಲ.

* * *

ಸ್ಮಶಾನದ ಗೇಟಿನೊಳಗೆ ಪೆಟ್ಟಿಗೆಯನ್ನು ಇಳಿಸಿ ಕಲ್ಲುಬೆಂಚಿನ ಮೇಲಿಟ್ಟಿದ್ದರು.

"ಮುಖ ನೋಡೋರು ನೋಡ್ಕೊಳ್ಳಿ. ಮುಚ್ಚಳ ಹಾಕ್ಬೇಕು" ಎಂದ ಗುಂಡಿ ತೋಡುವವನು.

ಮಗಳು ಪೆಟ್ಟಿಗೆಯ ಕಡೆ ಹೋಗಲಿಲ್ಲ. ಪಾಲುದಾರನ ತೋಳು ಹಿಡಿದಳು. "ಮಾಮ, ಗಾಡೀಲಿ ಸದ್ದಿದೆ. ನಾನು ಕೇಳಿಸ್ಕೊಂಡೆ."

"ಈಗೇನಮ್ಮಾ ಅದು!"

"ಮುಚ್ಚಳ ಹಾಕೋ ಮುಂಚೆ ಎಲ್ಲಿಂದ ಅಂತ ಗೊತ್ತಾಗ್ಬೇಕು. ಆಮೇಲೆ ಯಾರಿಗೆ ಹೇಳ್ಲಿ?"

ಅವನು ಅವಳ ಮುಖವನ್ನೊಮ್ಮೆ ನೋಡಿ ಗಾಡಿ ಏರಿದ. ನೀರಿನ ತೊಟ್ಟಿಯವರೆಗೆ ಹೋಗಿ ಬಂದ. ಏನೂ ಇಲ್ಲ. ಅವಳೂ ಹೋಗಿಬಂದಳು. ಏನೂ ಇಲ್ಲ. ಮೆಕ್ಯಾನಿಕ್ಕುಗಳು ನೆಲ ನೋಡಿದರು. "ಅಪ್ಪನ ಭೂತ ಮಗಳಿಗೆ ಹತ್ಕೊಂತು" ಎಂದು ಒಬ್ಬ ಪಿಸುಗುಟ್ಟಿದ.

"ಅತ್ತೆ, ಇನ್ನೊಂದ್ಸಲ ಹತ್ತಿ."

"ಹೆಣ ಮುಂದಿಟ್ಕೊಂಡು ಇದೆಂಥ ಸವಾರೀನೇ!" ಬೈಯುತ್ತಲೇ ಅತ್ತೆ ಹತ್ತಿದಳು.

ಟಕ್. ಟಕ್ ಟಕ್.

ಬಗ್ಗಿದ್ದ ತಲೆಗಳೆಲ್ಲ ಒಟ್ಟಿಗೇ ಎದ್ದವು. ಸಾವಿಗೆಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದವರು ಗಾಡಿಯ ಸುತ್ತ ಮಣ್ಣಿನಲ್ಲಿ ಕುಕ್ಕರಿಸಿದರು. ಒಬ್ಬ ಚಕ್ರಕ್ಕೆ ಕಿವಿ ಕೊಟ್ಟ, ಒಬ್ಬ ಸೈಲೆನ್ಸರಿಗೆ. ಅವಳು ಮತ್ತೆ ನಿಧಾನವಾಗಿ ಓಡಿಸಿದಾಗ ಪಾಲುದಾರ ಮಾತ್ರ ಜೊತೆಜೊತೆಗೇ ನಡೆಯುತ್ತ ಅವಳನ್ನೇ ನೋಡುತ್ತಿದ್ದ.

"ನೀನ್ಯಾಕೆ ಬಲಕ್ಕೆ ವಾಲಿದೀಯ?"

"ಅತ್ತೆ ಭಾರ ಪೂರ್ತಿ ಎಡಕ್ಕಿದೆ. ವಾಲದಿದ್ರೆ ಬೀಳ್ತೀವಿ."

"ನಾನೇನು ಅಷ್ಟು ದಪ್ಪ ಇದೀನಾ?" ಎಂದಳು ಅತ್ತೆ.

"ಅಕ್ಕ, ಇಳೀರಿ ನೀವು. ನೀನು ಹಾಗೇ ವಾಲ್ಕೊಂಡು ಹೋಗಮ್ಮ, ಒಬ್ಬಳೇ."

ಹಿಂದೆ ಯಾರೂ ಇರಲಿಲ್ಲ. ಟಕ್.

ಸೀಟು ಬಿಚ್ಚಿದರು. ಬಲಗಡೆಯ ಸ್ಪ್ರಿಂಗು ಕುಸಿದುಹೋಗಿತ್ತು. ಅದು ಕೆಳಗಿನ ಕಬ್ಬಿಣದ ಕೊಳವೆಗೆ ತಾಗಿ ತಾಗಿ, ಬಣ್ಣ ಹೋಗಿ, ಉಗುರಿನಷ್ಟಗಲ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಪಾಲುದಾರ ಅದರ ಮೇಲೆ ಹೆಬ್ಬೆರಳಾಡಿಸಿದ.

"ನಾನು ನೆಟ್ಟಗೆ ಕೂತು ಓಡಿಸ್ದೆ. ನನಗೆಲ್ಲಿ ಸಿಗ್ಬೇಕು? ಆದ್ರೆ ಇವನೂ ಒಬ್ಬನೇ ತಾನೇ ಓಡಾಡ್ತಿದ್ದ. ಖಾಲಿ ಗಾಡೀಲಿ ಯಾರ ಭಾರಕ್ಕೆ ವಾಲ್ತಿದ್ದ?"

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದಳು. "ಮೂವತ್ತು ವರ್ಷ ಅತ್ತಿಗೆ ಹಿಂದೆ ಕೂತಿದ್ಲಲ್ಲಪ್ಪ. ನನ್ನ ಹಾಗೇ, ಎಡಕ್ಕೆ."

ಪಾಲುದಾರ ಸೀಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟ.

ಮಗಳು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಅಪ್ಪನ ಕಿವಿಗೆ ಇಟ್ಟಿದ್ದ ಹತ್ತಿಯನ್ನು ತೆಗೆದು, ಬಾಯಿ ಹತ್ತಿರ ತಂದು, "ಸೀಟಿನ ಸ್ಪ್ರಿಂಗು ಅಪ್ಪ. ಬಲಗಡೇದು" ಎಂದಳು.

ಕಿವಿ ಪರೀಕ್ಷೆಗೆ ಕೂತವರು ಸದ್ದು ಕೇಳಿಸಿದ ಕೂಡಲೇ ತೋರುಬೆರಳು ಎತ್ತಬೇಕು. ದಿನವೂ ಗಾಜಿನ ಈಚೆ ಕೂತು ಕಾಯುವಂತೆ ಅವಳು ಎದೆಯ ಮೇಲೆ ಮಡಿಸಿಟ್ಟ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಗುಂಡಿ ತೋಡುವವನು ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದ.