ಮೂರನೆಯದು ಮಂಗಳ

೧

ಎಲ್ಲಿಂದ ಶುರು ಮಾಡಲಿ? ಕಛೇರಿಯಾಗಿದ್ದರೆ ಒಂದು ವರ್ಣ ಹಾಡಿ ಗಂಟಲು ಬಿಸಿ ಮಾಡಿಕೊಳ್ಳಬಹುದಿತ್ತು. ಕಥೆಗೆ ಆ ಸೌಕರ್ಯವಿಲ್ಲ. ಮೊದಲ ಕರಡಿನಲ್ಲಿ ಹೆಬ್ಬಾಳದ ಕೆರೆಯ ಮೇಲೆ ಸಂಜೆಯ ಹೊಂಬಣ್ಣ ಹರಡಿತ್ತು. ಹರಿದು ಹಾಕಿದೆ. ಕೆರೆಯ ಮೇಲೆ ಹೊಂಬಣ್ಣ ಬಳಿಯುವ ಕಥೆಗಾರನಿಗೆ ಹೇಳುವುದಕ್ಕೆ ಬೇರೇನೂ ಇರುವುದಿಲ್ಲ. ಎರಡನೆಯ ಕರಡು ಯೂರೋಪಿನ ಮೇಡಂ ಒಬ್ಬರು ಕಾರಿನಿಂದ ಇಳಿದು ಸೇವಂತಿಗೆ ಹಾರಕ್ಕೆ ಕತ್ತು ಬಗ್ಗಿಸುವುದರಿಂದ ಶುರುವಾಗಿತ್ತು. ಅದನ್ನೂ ಹರಿದೆ. ಮೊದಲ ಸಾಲಿನ ಕುರ್ಚಿ ಅವರಿಗೆ ಹೇಗೂ ಸಿಕ್ಕಿತ್ತು, ಕಥೆಯ ಮೊದಲ ಸಾಲನ್ನೂ ಯಾಕೆ ಕೊಡಬೇಕು?

ಅಂಜಿನಮ್ಮನ ಬಲಗೈಯ ನಡುಬೆರಳಿನಿಂದ ಶುರು ಮಾಡುತ್ತೇನೆ. ತಂಬೂರಿಯ ಮೊದಲ ತಂತಿಯನ್ನು ಮೀಟುವ ಬೆರಳು ಅದು. ತುದಿ ಕಾಯಿಗಟ್ಟಿತ್ತು, ಅರ್ಧ ತಂತಿಯಿಂದ, ಅರ್ಧ ಕಳೆ ಕಿತ್ತದ್ದರಿಂದ. ಹದಿನಾಲ್ಕು ವರ್ಷದಿಂದ ಅವಳು ಅಪ್ಪನ ಬೆನ್ನ ಹಿಂದೆ ಕೂತು ಮೀಟುತ್ತಿದ್ದಳು. ಅಪ್ಪನ ಮುಖಕ್ಕಿಂತ ಅಪ್ಪನ ಕತ್ತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಎಂದರೆ ಕೊಡಿಗೇಹಳ್ಳಿಯ ಮುನಿವೆಂಕಟಯ್ಯ. ಸೊಪ್ಪು ಬೆಳೆಯುವ ಮನೆಯವನು. ಹುಡುಗನಾಗಿದ್ದಾಗ ಮಲ್ಲೇಶ್ವರದ ಒಬ್ಬ ವಿದ್ವಾಂಸರ ಮನೆಗೆ ದಂಟಿನ ಸೊಪ್ಪು ಹಾಕಲು ಹೋಗಿ, ಅವರ ಜಗಲಿಯ ಮೇಲೆ ಒಂಬತ್ತು ವರ್ಷ ಕೂತು ಹಾಡು ಕಲಿತವನು. (ಒಳಗೆ ಕರೆಯಲಿಲ್ಲವೇ ಎಂದು ಕೇಳುತ್ತೀರಿ. ಸೊಪ್ಪನ್ನು ಕರೆದರು.) ಐವತ್ತನಾಲ್ಕು ವರ್ಷವಾದರೂ ರಾಮನವಮಿಯ ಪೆಂಡಾಲುಗಳಲ್ಲಿ ಅವನಿಗೆ ಸಿಗುತ್ತಿದ್ದುದು ಮಧ್ಯಾಹ್ನ ಎರಡರ ಹೊತ್ತು. ಕೋಸಂಬರಿ ತಿಂದವರೆಲ್ಲ ಕಂಬಕ್ಕೊರಗಿ ನಿದ್ದೆ ಹೋಗುವ ಹೊತ್ತು. ಸಂಜೆ ಆರಕ್ಕೆ ಒಮ್ಮೆ ಕೂರಬೇಕು, ಕೂತು ತೋಡಿ ರಾಗ ಹಾಡಬೇಕು. ಅವನ ಆಸೆ ಅಷ್ಟೇ.

ಸಾವಿರದ ಒಂಬೈನೂರ ಅರವತ್ತೊಂದರ ಡಿಸೆಂಬರಿನಲ್ಲಿ ಕಲಾಸ್ನೇಹ ಸಮಿತಿಯವರು ಒಬ್ಬ ಗಾಯಕನನ್ನು ಯೂರೋಪಿಗೆ ಕಳಿಸುವವರಿದ್ದರು. ಆರಿಸಲು ಅಲ್ಲಿಂದಲೇ ಹನ್ನೆರಡು ಮಂದಿ ಬಂದಿದ್ದರು.

"ಅಲ್ಲಿ ಆಡುದ್ರೆ ಇಲ್ಲಿ ಕೇಳಿಸ್ತದೆ ಕಣಮ್ಮಿ" ಎಂದಿದ್ದ ಅಪ್ಪ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಮ್ಮ ಕಿವಿಗಳು ಇರುವುದೇ ಅಲ್ಲಿ.

೨

ಕೆರೆಯ ಪಕ್ಕದ ಬಂಗಲೆಯೊಂದರಲ್ಲಿ ನಾಲ್ಕು ಗಂಟೆಗೆ ಕಛೇರಿ. ಪಿಟೀಲಿನವರು ಜ್ವರವೆಂದು ಹೇಳಿಕಳಿಸಿದ್ದರು. (ಮುನಿವೆಂಕಟಯ್ಯನ ಪಕ್ಕ ಕೂರಬೇಕಾದಾಗಲೆಲ್ಲ ಬರುವ ಜ್ವರ ಅದು.) ಮೃದಂಗಕ್ಕೆ ಮಾತ್ರ ಹಳೇ ಸ್ನೇಹಿತ ಚಿಕ್ಕಬೈರಪ್ಪ ಬಂದಿದ್ದ.

ಸಮಿತಿಯ ಕಾರ್ಯದರ್ಶಿ ರಾಮಕೃಷ್ಣಪ್ಪನವರು ಟೈ ಸರಿಮಾಡಿಕೊಳ್ಳುತ್ತ, ಅಚ್ಚಾದ ಇಂಗ್ಲಿಷ್ ಕಾರ್ಡನ್ನು ಕನ್ನಡದಲ್ಲಿ ಓದಿ ಹೇಳಿದರು. "ಒಂದು, ಗಣಪತಿ ಮೇಲೆ. ಎರಡು, ಕಲ್ಯಾಣಿ. ಮೂರು, ಮಂಗಳ. ನಾಲ್ಕು, ತೋಡಿ. ತೋಡಿಗೆ ಇಪ್ಪತ್ತು ನಿಮಿಷ ಕೊಟ್ಟಿದೀನಿ ವಿದ್ವಾನ್ರೇ, ಜಗಳ ಆಡಿ ಗಿಟ್ಟಿಸಿದ್ದು."

"ಸ್ವಾಮಿ, ಮಂಗಳ ಮೂರನೇದು ಆಗೈತೆ."

"ಹೌದು, ಮೂರನೇದೇ. ಮೊನ್ನೆ ಎಲ್ಲೋ ಕೇಳಿ ಮೇಡಂಗೆ ಆ ಟ್ಯೂನ್ ತುಂಬಾ ಹಿಡಿಸ್ಬಿಟ್ಟಿದೆ. ಕೊನೇಲಿ ಹಾಕಿದ್ರೆ ಅಷ್ಟೊತ್ತಿಗೆ ಸುಸ್ತಾಗಿರ್ತಾರೆ."

"ಮಂಗಳ ಆದ್ಮ್ಯಾಕೆ ಆಡಾಕಿಲ್ಲ ಸ್ವಾಮಿ. ಕಛೇರಿ ಮುಗೀತು ಅಂತ ಅರ್ಥ."

"ಅವ್ರಿಗೆ ಗೊತ್ತಾ? ನೀವು ಹೇಳ್ದೇ ಇದ್ರೆ ಆಯ್ತು."

"ನಂಗೊತ್ತಲ್ಲ."

"ಕಾರ್ಡ್ ಪ್ರಿಂಟ್ ಆಗೋಗಿದೆ ಕಣ್ರೀ!"

ಚಿಕ್ಕಬೈರಪ್ಪ ಮೃದಂಗದ ಎಡಬದಿಗೆ ಕಲಸಿದ ರವೆ ಮೆತ್ತುತ್ತ ಅಂದ: "ಓಗ್ಲಿ ಬಿಡಣ್ಣೋ. ಎಲೆ ಎತ್ತಿದ್ಮ್ಯಾಕೆ ಉಪ್ಪು ಬಡಿಸ್ತಾರಂತೆ, ದೊಡ್ಡೋರ ಮನೆ."

(ರಾಮಕೃಷ್ಣಪ್ಪನವರನ್ನು ಖಳನನ್ನಾಗಿ ಮಾಡಲು ಪ್ರಯತ್ನಿಸಿದೆ, ಆಗಲಿಲ್ಲ. ಅವರು ಓದಿದವರು. ಸಂಪ್ರದಾಯವನ್ನು ಬೇಕಾದರೆ ತಿದ್ದಬಹುದು, ಅಚ್ಚಾದದ್ದನ್ನು ತಿದ್ದಬಾರದು ಎಂದು ನಂಬಿದವರು. ನಾನೂ ಡಿಗ್ರಿಯವನೇ.)

"ಅಪ್ಪಾ, ತೋಡಿ ಮೊದ್ಲು ಆಡ್ಬುಡು" ಎಂದಳು ಅಂಜಿನಮ್ಮ.

ಅಪ್ಪ ಅವಳ ಕೈಗೆ ತಂಬೂರಿ ಕೊಟ್ಟು ವೇದಿಕೆಯ ಕಡೆ ನಡೆದ. ಅವನು ಮಾತು ಬಿಟ್ಟನೆಂದರೆ ಏನೋ ನಿಶ್ಚಯವಾಗಿದೆ ಎಂದರ್ಥ.

೩

ಮುಂದಿನ ಹನ್ನೆರಡು ಕುರ್ಚಿಗಳಲ್ಲಿ ಯೂರೋಪಿನವರು ಕೂತರು. ಒಬ್ಬಾತ ಬಗ್ಗಿ ಬಗ್ಗಿ ಅಪ್ಪನ ಪಾದದ ಫೋಟೋ ತೆಗೆದ. ಹಿಂದಿನ ಸಾಲುಗಳಲ್ಲಿ ನಮ್ಮ ಊರಿನ ದೊಡ್ಡವರು. ಕಲ್ಯಾಣಿಗೆ ಇವರ ತಲೆ ತಾನಾಗಿ ಆಡಲಿಲ್ಲ. ಮುಂದಿನ ಸಾಲಿನ ಬಿಳಿ ತಲೆಗಳು ಆಡಿದವೋ ಇಲ್ಲವೋ ನೋಡಿಕೊಂಡು, ಆಮೇಲೆ ಆಡಿತು. ತಾಳ ಹಾಕುತ್ತಿದ್ದವರೆಂದರೆ ಬಾಗಿಲ ಹೊರಗೆ ನಿಂತಿದ್ದ ಡ್ರೈವರುಗಳು, ಅಡುಗೆಯವರು.

ಮೂರನೆಯದಾಗಿ ಅಪ್ಪ ಮಂಗಳ ಹಾಡಿದ. ಅರ್ಧ ಬೆಂದ ಅನ್ನದಂತೆ ಬಡಿಸಲಿಲ್ಲ, ಪೂರ್ತಿಯಾಗಿ, ಅಚ್ಚುಕಟ್ಟಾಗಿ ಹಾಡಿದ. ಹೊರಗಿದ್ದವರು ಅಭ್ಯಾಸದಂತೆ ಟವೆಲು ಕೊಡವಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಚಿಕ್ಕಬೈರಪ್ಪ ಮೃದಂಗಕ್ಕೆ ಗವಸು ಹಾಕಿದ. ಅಪ್ಪ ಕೈಮುಗಿದು, ಬಾಯಿ ಮುಚ್ಚಿ, ಕೂತ.

ಮಂಗಳವಾಯಿತು. ನ್ಯಾಯವಾಗಿ ಕಥೆಯೂ ಇಲ್ಲಿಗೆ ಮುಗಿಯಬೇಕು. ಸಂಪ್ರದಾಯ ಬಲ್ಲ ಓದುಗರು ಎದ್ದು ಹೋಗಬಹುದು. ಉಳಿದವರು ಯೂರೋಪಿನವರಂತೆ ಕೂತಿರಿ.

೪

"ನಿಲ್ಸು" ಎಂದ ಅಪ್ಪ, ತಿರುಗದೆ, ಅವಳಿಗೆ ಮಾತ್ರ ಕೇಳುವಂತೆ.

ಅಂಜಿನಮ್ಮ ಮೀಟುವುದನ್ನು ನಿಲ್ಲಿಸಲಿಲ್ಲ.

ಅವಳು ಹಟಮಾರಿಯಲ್ಲ. ಅಮ್ಮ ಬದುಕಿದ್ದಾಗ ಅಪ್ಪ ಮುನಿಸಿಕೊಂಡು ಮೂರು ಮೂರು ದಿನ ಮಾತು ಬಿಡುತ್ತಿದ್ದ. ಆಗ ಅಮ್ಮ ಅವಳಿಗೆ ಸನ್ನೆ ಮಾಡುತ್ತಿದ್ದಳು. ಅವಳು ನಡುಮನೆಯಲ್ಲಿ ತಂಬೂರಿ ಹಿಡಿದು ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಒಳಕೋಣೆಯಿಂದ ಗುನುಗು ಬರುತ್ತಿತ್ತು. ಶ್ರುತಿ ಕಿವಿಗೆ ಬಿದ್ದರೆ ಅಪ್ಪನ ಗಂಟಲು ಅಪ್ಪನ ಮಾತನ್ನೂ ಕೇಳುವುದಿಲ್ಲ. ಈಗಲೂ ಹಾಗೇ ಆಗುತ್ತದೆ, ತೋಡಿಗೆ ಜಾರುತ್ತಾನೆ, ಯೂರೋಪಿಗೆ ಹೋಗುತ್ತಾನೆ, ಸಂಜೆ ಆರಕ್ಕೆ ಕೂರುತ್ತಾನೆ. ಅವಳು ಮೀಟಿದಳು.

ಅಪ್ಪನ ಕತ್ತಿನ ನರ ಒಮ್ಮೆ ಎದ್ದಿತು. ತೋಡಿಯ ಜೀವಸ್ವರ ಗಾಂಧಾರ ಅಲ್ಲಿಯವರೆಗೆ ಬಂದಿತ್ತು, ಅವಳು ಕಂಡಳು. ಅಪ್ಪ ಅದನ್ನು ನುಂಗಿದ.

ಮುಂದಿನ ಸಾಲಿನವರು ಕಾರ್ಡು ನೋಡಿದರು. ನಾಲ್ಕನೆಯ ಐಟಂ, ತೋಡಿ, ಗಂಭೀರ ರಾಗ. ಹನ್ನೆರಡು ಮಂದಿಯೂ ಕಣ್ಣು ಮುಚ್ಚಿದರು. ಅದನ್ನು ನೋಡಿ ಹಿಂದಿನವರೂ ಮುಚ್ಚಿದರು. ರಾಮಕೃಷ್ಣಪ್ಪನವರು ಮಾತ್ರ ಕಣ್ಣು ಬಿಟ್ಟುಕೊಂಡು ಬೆವರಿದರು. ಹನ್ನೊಂದು ನಿಮಿಷ. ಕೊನೆಗೆ ಅಪ್ಪ ತಿರುಗಿ, ತಂತಿಗಳ ಮೇಲೆ ಅಂಗೈ ಇಟ್ಟ.

ಚಪ್ಪಾಳೆ ಎಷ್ಟು ಹೊತ್ತಾಯಿತೆಂದು ನಾನು ಬರೆಯುವುದಿಲ್ಲ, ನನಗೆ ಹೇಸಿಗೆಯಾಗುತ್ತದೆ. ಮೇಡಂ ಅಳುತ್ತಿದ್ದರು. ಇಂಗ್ಲಿಷಿನಲ್ಲಿ ಏನೋ ಹೇಳಿದರು.

ರಾಮಕೃಷ್ಣಪ್ಪನವರು ಓಡಿಬಂದರು. "ಗೆದ್ರಿ ಕಣ್ರೀ! ಇಂಥಾ ತೋಡಿ ಎಲ್ಲೂ ಕೇಳಿಲ್ವಂತೆ. ಯೂರೋಪಿನ ಏಳು ಊರಲ್ಲೂ ಇದೇ ಬೇಕಂತೆ. ಗಣಪತಿ, ಕಲ್ಯಾಣಿ ಎಲ್ಲಾ ಬೇಡ್ವಂತೆ. ಇದೊಂದೇ. ಅರ್ಧ ಗಂಟೆ ಮಾಡೋಕಾಗುತ್ತಾ ಅಂತ ಕೇಳ್ತಿದಾರೆ."

"ಯಾವ್ದು?" ಎಂದ ಚಿಕ್ಕಬೈರಪ್ಪ. "ಆಡ್ದೇ ಇರಾದಾ?"

೫ (ಒಂದು ಮುಕ್ತಾಯ)

ಅಪ್ಪ ಹೋಗುತ್ತಾನೆ. ಏಳು ಊರಲ್ಲಿ ಬಾಯಿ ಮುಚ್ಚಿ ಕೂರುತ್ತಾನೆ, ಮಗಳು ಮೀಟುತ್ತಾಳೆ. ಪೇಪರಿನವರು ಮೌನದ ಮಹಾವಿದ್ವಾನ್ ಎನ್ನುತ್ತಾರೆ. ಬೆಂಗಳೂರಿನ ಸಭೆಗಳು ಕೊನೆಗೂ ಸಂಜೆ ಆರಕ್ಕೆ ಕೂರಿಸುತ್ತವೆ. ಹಾಡಲು ಬಿಡುವುದಿಲ್ಲ.

೫ (ಇನ್ನೊಂದು)

ಅಪ್ಪ ಕಾರ್ಡು ಹರಿದು, ಕೆರೆಯ ಏರಿಯ ಮೇಲೆ ಎಮ್ಮೆಗಳ ಮುಂದೆ ತೋಡಿ ಹಾಡುತ್ತಾನೆ.

"ಥೂ" ಎಂದ ಚಿಕ್ಕಬೈರಪ್ಪ. "ಎಮ್ಮೆ ಮುಂದೆ ಯಾವತ್ತು ಆಡವ್ನೆ ನಮ್ಮಣ್ಣ? ಬರೆಯೋವಾಗ ವಸಿ ಗ್ಯಾನ ಇರ್ಲಿ ಸ್ವಾಮಿ."

ಹೊಡೆದು ಹಾಕಿದೆ.

೬

ಅಂಜಿನಮ್ಮ ನೇರವಾಗಿ ನನ್ನನ್ನೇ ಕೇಳಿದಳು. "ನಿಲ್ಸು ಅಂದಾಗ ನಾನ್ ನಿಲ್ಸಿದ್ರೆ?"

"ಕಛೇರಿ ಮುಗಿದಿದೆ ಅಂತ ಅವರಿಗೆ ಗೊತ್ತಾಗ್ತಿತ್ತು. ನಿಮ್ಮಪ್ಪ ಸೋಲ್ತಿದ್ದ."

"ಅಪ್ಪ ಬ್ಯಾಡ ಅಂದಿದ್ನ ನಾನೇ ಐಟಂ ಮಾಡ್ಬುಟ್ಟೆ. ಅಲ್ವಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಾಕು ದಿನದಿಂದ ನನ್ ಕೂಟೆ ಮಾತಿಲ್ಲ. ಯೂರೋಪಿಗೆ ಓಗೋ ಫಾರಂ ಸೈ ಆಗ್ದೆ ಗೋಡೆ ಮಾಡದಾಗೇ ಐತೆ. ನೀವೇ ಏನಾರ ಬರೀರಿ, ಅಪ್ಪ ಮಾತಾಡೋ ಅಂಗೆ."

"ಬರೆದರೆ ಸುಳ್ಳಾಗುತ್ತದೆ."

"ಇಲ್ಲೀಗಂಟ ನಿಜ ಬರುದ್ರಾ? ಸರಿ ಬುಡಿ" ಎಂದು ಎದ್ದು ಹೋದಳು.

ಕೊಡಿಗೇಹಳ್ಳಿಯ ಮನೆ, ಬೆಳಿಗ್ಗೆ. ಅಪ್ಪ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಸನ್ನೆ ಮಾಡಲು ಅಮ್ಮ ಇಲ್ಲ. ಅಂಜಿನಮ್ಮ ನಡುಮನೆಯಲ್ಲಿ ತಂಬೂರಿ ನಿಲ್ಲಿಸಿಕೊಂಡು, ಬಿರಡೆ ತಿರುವಿ, ಕಾಯಿಗಟ್ಟಿದ ಬೆರಳನ್ನು ಮೊದಲ ತಂತಿಯ ಮೇಲೆ ಇಡುತ್ತಾಳೆ.

ಒಳಗಿಂದ ಗಾಂಧಾರ ಬಂತು ಎಂದು ಬರೆಯುವುದು ಸುಲಭ. ಬರಲಿಲ್ಲ ಎಂದು ಬರೆದರೆ ನನ್ನನ್ನು ಗಂಭೀರ ಲೇಖಕನೆನ್ನುತ್ತಾರೆ. ಕಾರ್ಡಿನಲ್ಲಿ ಏನಿದೆಯೆಂದು ನೀವು ಮತ್ತೆ ಹುಡುಕುತ್ತಿದ್ದೀರಿ, ನನಗೆ ಗೊತ್ತು. ಈ ಸಲ ಕಾರ್ಡು ಮಾಡಿಸಿಲ್ಲ.

ಇದಕ್ಕೆ ನಾನು ಮಂಗಳ ಹಾಡುವುದಿಲ್ಲ. ಹಾಡಿದರೆ ಆಮೇಲೆ ಅವನು ಹಾಡುವಂತಿಲ್ಲ.

ಅವಳು ಮೀಟುತ್ತಿದ್ದಾಳೆ. ದಯವಿಟ್ಟು ಚಪ್ಪಾಳೆ ತಟ್ಟಬೇಡಿ.