ನಾಲ್ಕನೆಯ ಸಾಲು

"'ನಾಯಿಗಳಿಗೆ' ಅನ್ನೋದು ಇನ್ನೂ ದಪ್ಪ ಬರಲಪ್ಪ. ದೂರದಿಂದ್ಲೇ ಕಣ್ಣಿಗೆ ಹೊಡೀಬೇಕು," ಎಂದು ಮೇಷ್ಟ್ರು ಕೊಡೆಯ ತುದಿಯಿಂದ ಬೋರ್ಡಿನ ನಾಲ್ಕನೆಯ ಸಾಲನ್ನು ಕುಟ್ಟಿ ತೋರಿಸಿದರು.

ಪೇಂಟರ್ ಹೂಂಗುಟ್ಟಿದ. ಕಾಲುವೆ ದಂಡೆಯ ದಾರಿ ಶುರುವಾಗುವಲ್ಲಿ ಎರಡು ಕಬ್ಬಿಣದ ಕಂಬಗಳ ನಡುವೆ ಬೋರ್ಡು ನಿಂತಿತ್ತು. ಬಿಳಿಯ ಮೇಲೆ ನೀಲಿ ಅಕ್ಷರ. ಮೂರು ಸಾಲು ಮುಗಿದು ಒಣಗುತ್ತಿದ್ದವು. ಸೈಕಲ್ಲಿನವರು ಒಮ್ಮೆ ಬೆಲ್ ಮಾಡಬೇಕು. ನಾಯಿ ಹಿಡಿದವರು ಕೈ ಎತ್ತಿದ ಮೇಲೆಯೇ ದಾಟಬೇಕು. ನಾಯಿಯ ಹಗ್ಗ ಗಿಡ್ಡವಾಗಿರಬೇಕು. ನಾಲ್ಕನೆಯದು ಇನ್ನೂ ಪೆನ್ಸಿಲ್ ಗೆರೆಯಲ್ಲಿತ್ತು: ದೊಡ್ಡ ನಾಯಿಗಳಿಗೆ ಪ್ರವೇಶವಿಲ್ಲ. ಅದರಲ್ಲಿ 'ದೊಡ್ಡ' ಮಾತ್ರ ನೀಲಿಯಾಗಿತ್ತು.

ಇಪ್ಪತ್ತು ವರ್ಷ ಬೋರ್ಡು ಬರೆದವನಿಗೆ ಒಂದು ಅಭ್ಯಾಸವಿತ್ತು. ಬರೆಯುವಾಗ ಅವನು ಓದುತ್ತಿರಲಿಲ್ಲ. ಓದಿದರೆ ಮನಸ್ಸು ಮುಂದೋಡಿ ಕೈ ಒಂದಕ್ಷರ ನುಂಗಿಬಿಡುತ್ತದೆ ಎಂದು ಕೆಲಸ ಕಲಿಸಿದವನು ಹೇಳಿಕೊಟ್ಟಿದ್ದ. ಹಾಗಾಗಿ ಅವನ ಕಣ್ಣಿಗೆ ಕಾಣುತ್ತಿದ್ದದ್ದು ಸೊನ್ನೆ, ಕೊಂಬು, ಹೊಟ್ಟೆ, ಬಾಲ ಅಷ್ಟೇ. ಸಾವಿನ ಸುದ್ದಿಯನ್ನೂ ಸೋಪಿನ ಜಾಹೀರಾತನ್ನೂ ಒಂದೇ ಮುಖ ಇಟ್ಟುಕೊಂಡು ಬರೆದಿದ್ದ. ಇವತ್ತು ಮಾತ್ರ ಬೇಡವೆಂದರೂ ಸಾಲು ತಾನೇ ಓದಿಸಿಕೊಳ್ಳುತ್ತಿತ್ತು.

ಮೊದಲ ಮೂರು ನಿಯಮಗಳು ಹಳೆಯವು. ಇಷ್ಟು ದಿನ ಜನರ ಬಾಯಲ್ಲೇ ಇದ್ದವು. ನಾಲ್ಕು ವರ್ಷದ ಹಿಂದೆ ಸೈಕಲ್ಲಿನವರೂ ನಾಯಿಯವರೂ ಈ ದಂಡೆಯ ಮೇಲೆ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದಾಗ, ನಿವೃತ್ತರಾಗಿ ಬೆತ್ತಕ್ಕೆ ಕೆಲಸವಿಲ್ಲದೆ ಕೂತಿದ್ದ ಮೇಷ್ಟ್ರು ಎಲ್ಲರಿಗೂ ಪಾಠ ಮಾಡಿ ಕಲಿಸಿದ್ದರು. ಹಿಂದಿನಿಂದ ಒಂದು ಬೆಲ್. ಮುಂದಿರುವವರು ತಿರುಗಿ ನೋಡುವ ಕಷ್ಟವೂ ಬೇಡ, ಒಂದು ಕೈ ಎತ್ತಿದರೆ ಸಾಕು. ಕೇಳಿಸಿತು, ನಾಯಿ ನನ್ನ ಹತ್ತಿರವೇ ಇದೆ, ನೀವು ಹೋಗಿ ಎಂದು ಅರ್ಥ. ಹೊಸಬರೂ ಎರಡೇ ದಿನಕ್ಕೆ ಕಲಿತುಬಿಡುತ್ತಿದ್ದರು. ಅಲ್ಲಿಂದೀಚೆಗೆ ಒಂದೂ ಜಗಳವಾಗಿರಲಿಲ್ಲ.

ನಾಲ್ಕನೆಯ ನಿಯಮ ಮೊನ್ನೆಯದು. ಹನ್ನೆರಡು ದಿನದ ಹಿಂದೆ ಬೆಳಿಗ್ಗೆ, ಹಳೆಯ ಪಂಪ್‌ಹೌಸಿನ ಬಳಿ, ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ಟೈಲರ್ ಒಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ತಲೆಗೂ ಪೆಟ್ಟಾಗಿ ಅವರಿಗೆ ಆ ಬೆಳಗಿನದೊಂದೂ ನೆನಪಿರಲಿಲ್ಲ. ಅವರ ನಾಯಿ ಕರಿಯ, ಕರುವಿನಷ್ಟು ಎತ್ತರದ್ದು, ಪಕ್ಕದಲ್ಲೇ ಕೂತಿತ್ತು. ಹಗ್ಗ ಅವರ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿತ್ತು. ಓಡಿ ಬಂದವರು ಕಂಡದ್ದು ಇಷ್ಟೇ. ನಾಯಿಯೇ ಎಳೆದು ಕೆಡವಿತು ಎಂದು ಎಲ್ಲರೂ ತೀರ್ಮಾನಿಸಿದರು. "ಒಂಬತ್ತು ವರ್ಷದಲ್ಲಿ ಅದು ಒಂದಿನಾನೂ ಎಳೆದಿಲ್ಲ" ಎಂದು ಮುದುಕರು ಆಸ್ಪತ್ರೆಯಿಂದ ಬಂದಾಗಿನಿಂದ ಹೇಳುತ್ತಲೇ ಇದ್ದರು. ತಲೆಗೆ ಪೆಟ್ಟಾದವರ ಮಾತನ್ನು ಯಾರು ಕೇಳುತ್ತಾರೆ?

ಕೆಡವಿದವನು ಪೇಂಟರ್. ಅವನು ಬೆಲ್ ಮಾಡಿದ್ದ. ಮುದುಕರು ಎಡಗೈ ಎತ್ತಿದ್ದರು. ಧೈರ್ಯವಾಗಿ ಬಲಗಡೆಯಿಂದ ದಾಟಿದ. ಆದರೆ ನಾಯಿ ದಾರಿಯಾಚೆ ಹುಲ್ಲು ಮೂಸುತ್ತಿತ್ತು, ನಡುವೆ ಹಗ್ಗ ಚಾಚಿತ್ತು. ಪೇಂಟ್ ಡಬ್ಬಿ ತೂಗುಹಾಕಲು ಹ್ಯಾಂಡಲ್ಲಿಗೆ ಕಟ್ಟಿದ್ದ ಕೊಕ್ಕೆಗೆ ಹಗ್ಗ ಸಿಕ್ಕಿಕೊಂಡಿತು. ಡಬ್ಬಿಯ ನೀಲಿ ಬಣ್ಣ ಒಂದಿಷ್ಟು ಹಗ್ಗದ ಮೇಲೆ ಚೆಲ್ಲಿತು, ಮುದುಕರು ಮೂಟೆಯಂತೆ ಉರುಳಿದರು. ಅವನು ಹಗ್ಗ ಬಿಡಿಸಿಕೊಂಡ. ತಿರುವಿನಾಚೆಯಿಂದ ಯಾರೋ ಓಡಿಬರುವ ಸದ್ದು ಕೇಳಿಸಿತು. ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡ. ಕಾಲು ತಾನಾಗಿಯೇ ಪೆಡಲ್ ತುಳಿದಿತ್ತು. ಸಂಜೆ ತಪ್ಪೆಲ್ಲ ನಾಯಿಯ ತಲೆಗೆ ಬಂದಿದೆ ಎಂದು ಕೇಳಿ ಅವನಿಗೆ ಎದೆ ಹಗುರಾಯಿತು. ಓಡಿಹೋದದ್ದಕ್ಕಿಂತ ಹೆಚ್ಚು ನಾಚಿಕೆ ಅವನಿಗೆ ಆ ಹಗುರಾದದ್ದರ ಬಗ್ಗೆ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅಂದಿನಿಂದ ಅವನು ನಾಯಿ ಕಂಡಲ್ಲೆಲ್ಲ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಅಂಗೈಯಗಲದ ಮರಿಗೂ ಇಳಿಯುತ್ತಿದ್ದ. ಅದು ಮೇಷ್ಟ್ರ ಕಣ್ಣಿಗೆ ಬಿದ್ದೇ ಈ ಕೆಲಸ ಅವನಿಗೆ ಬಂದದ್ದು.

"ನಿನ್ನಂಥವರು ಹತ್ತು ಜನ ಇದ್ದಿದ್ರೆ ಈ ಬೋರ್ಡೇ ಬೇಕಾಗ್ತಿರ್ಲಿಲ್ಲ ಕಣಪ್ಪ," ಎಂದರು ಮೇಷ್ಟ್ರು ಈಗಲೂ. ಅವನು ಕುಂಚವನ್ನು ಡಬ್ಬಿಯಲ್ಲಿ ಅದ್ದಿದ. ಅದ್ದಿದ್ದನ್ನೇ ಮತ್ತೆ ಅದ್ದಿದ.

ಅಷ್ಟರಲ್ಲಿ ದಂಡೆಯ ಮೇಲೆ ಟೈಲರ ಮಗಳು ಬರುವುದು ಕಂಡಿತು. ಕರಿಯನನ್ನು ಮೊಣಕಾಲಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ನಿದ್ದೆಗೆಟ್ಟ ಮುಖ.

"ಹೊರಟಿತಾ ಸವಾರಿ?" ಎಂದರು ಮೇಷ್ಟ್ರು.

"ಹತ್ತು ಗಂಟೆಗೆ ಗೋದಾಮಿನವರ ಗಾಡಿ ಬರುತ್ತೆ ಮೇಷ್ಟ್ರೇ. ಕಾವಲಿಗೆ ಕಟ್ಟಿ ಹಾಕ್ತಾರಂತೆ. ಕೊನೇದಾಗಿ ಒಂದು ಸುತ್ತು ಕರ್ಕೊಂಡು ಬಂದೆ."

"ಅಪ್ಪ ಏನಂತಾರೆ?"

"ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ನಿನ್ನೆಯಿಂದ ನನ್ನ ಹತ್ರ ಮಾತಿಲ್ಲ." ಅವಳು ಬೋರ್ಡಿನತ್ತ ನೋಡಿದಳು. ನಾಲ್ಕನೆಯ ಸಾಲಿನಲ್ಲಿ ಕಣ್ಣು ನಿಂತಿತು. "ಚೆನ್ನಾಗಿ ಬರೀತೀರಿ," ಎಂದಳು ಪೇಂಟರನಿಗೆ.

ಅವನು ತಲೆಯೆತ್ತಲಿಲ್ಲ. ತಲೆ ತಗ್ಗಿಸಿದವನಿಗೆ ಕಂಡದ್ದು ಅವಳ ಕೈಯ ಹಗ್ಗ. ನೂಲಿನ ಬಿಳಿ ಹಗ್ಗ. ನಡುವೆ ಒಂದು ಗೇಣು ಉದ್ದಕ್ಕೆ ನೀಲಿ ಮೆತ್ತಿಕೊಂಡು ಒಣಗಿತ್ತು. ಅವನ ಡಬ್ಬಿಯಲ್ಲಿದ್ದದ್ದೂ ಅದೇ ನೀಲಿ.

ಬೋರ್ಡಿನ ಕಂಬಕ್ಕೆ ಒರಗಿಸಿದ್ದ ಪೇಂಟರನ ಸೈಕಲ್ಲು ಕಂಡದ್ದೇ ಕರಿಯ ಹಿಂದಕ್ಕೆ ಸರಿಯಿತು. ಬಾಲ ಹೊಟ್ಟೆಯಡಿ ಸೇರಿತು.

"ನೋಡಿ, ಇದೊಂದು ಹೊಸದು," ಎಂದಳು ಅವಳು. "ಒಂಬತ್ತು ವರ್ಷ ಈ ದಾರೀಲಿ ಸೈಕಲ್ ನೋಡ್ಕೊಂಡೇ ಬೆಳೆದಿದ್ದು. ಈಗ ಸೈಕಲ್ ಅಂದ್ರೆ ಸಾಕು, ನಡುಗುತ್ತೆ."

"ತಪ್ಪು ಮಾಡಿದ್ದಕ್ಕೆ ಹೆದರುತ್ತೆ," ಎಂದರು ಮೇಷ್ಟ್ರು. "ಸಾಕಿದವರನ್ನೇ ಕೆಡವಿತಲ್ಲ, ಮುಂಡೇದು."

ಪೇಂಟರನ ಕುಂಚದಿಂದ ಒಂದು ಹನಿ ಜಾರಿ 'ಪ್ರವೇಶ'ದ ಮೇಲೆ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಅವನ ಬೋರ್ಡಿನ ಮೇಲೆ ಹನಿ ಬಿದ್ದದ್ದಿಲ್ಲ. ಈಗ ಹೇಳದಿದ್ದರೆ ಗಾಡಿ ಬರುತ್ತದೆ. ಆಮೇಲೆ ಹೇಳಿದರೂ ಒಂದೇ, ಬಿಟ್ಟರೂ ಒಂದೇ. ಅವಳು ಹಗ್ಗ ಸುತ್ತಿಕೊಂಡು ಹೊರಡಲು ತಿರುಗಿದಳು.

"ಅಕ್ಕ," ಎಂದ. "ಅದು ಎಳೀಲಿಲ್ಲ. ನಾನು... ನನ್ನ ಸೈಕಲ್ಲಿಗೆ ಹಗ್ಗ ಸಿಕ್ಕಿಬಿತ್ತು. ಆ ನೀಲಿ ಬಣ್ಣ ನಂದು. ನಾನು ನಿಲ್ಲಿಸ್ಲಿಲ್ಲ."

ಅವಳು ಹಗ್ಗದ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. ಬೋರ್ಡನ್ನು ನೋಡಿದಳು.

"ಹನ್ನೆರಡು ದಿನ," ಎಂದಳು. "ಹನ್ನೆರಡು ದಿನ ಇದನ್ನ ಬೈದಿದ್ದೀನಿ. ಒಂದಿನ ಪೊರಕೆ ತಗೊಂಡು ಹೊಡೆದಿದ್ದೀನಿ. ಸುಮ್ಮನೆ ಹೊಡೆಸಿಕೊಳ್ತು. ನೀವು ದಿನಾ ನಮ್ಮ ಪಕ್ಕದಲ್ಲೇ ಸೈಕಲ್ ಇಳ್ಕೊಂಡು ನಗ್ತಾ ಹೋಗ್ತಿದ್ರಿ!"

"ಬೆಲ್ ಮಾಡಿದ್ದೆ ಅಕ್ಕ. ಅವರು ಕೈ ಎತ್ತಿದ್ರು. ಅದಕ್ಕೇ..."

"ಸುಳ್ಳು! ನಾಯಿ ದೂರ ಇದ್ದಾಗ ಅಪ್ಪ ಕೈ ಎತ್ತೋರೇ ಅಲ್ಲ. ಸೂಜಿಗೆ ದಾರ ಪೋಣಿಸಿದ ಹಾಗೆ ನಡೀತಿದ್ದೋರು ಅವರು."

"ಕೈ ಎತ್ತಿದ್ರು ಅಂದ್ಮೇಲೆ ನಿಯಮದ ಪ್ರಕಾರ..." ಎಂದು ಮೇಷ್ಟ್ರು ಬಾಯಿ ಹಾಕಿದರು.

"ನೀವು ಸುಮ್ಮನಿರಿ ಮೇಷ್ಟ್ರೇ. ನಿಯಮ ಅಂತೆ." ಅವಳು ಪೇಂಟರನತ್ತ ಒಂದು ಹೆಜ್ಜೆ ಬಂದಳು. "ಯಾವ ಕೈ?"

"ಎಡಗೈ."

"ಪಂಪ್‌ಹೌಸ್ ಹತ್ರಾನೇನಾ? ಸರಿಯಾಗಿ ಹೇಳಿ."

"ಹೂಂ. ಕಾಲುವೆ ಕಡೆ. ಹೀಗೆ." ಅವನು ಎದ್ದುನಿಂತು ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ, ಬೆರಳು ಅಗಲಿಸಿ, ಒಮ್ಮೆ ಆಡಿಸಿದ.

ಅವಳ ಮುಖದ ಬಣ್ಣ ಇಳಿಯಿತು. ಪಂಪ್‌ಹೌಸಿನ ನೇರಕ್ಕೆ, ಕಾಲುವೆಯಾಚೆ ಅವಳ ಮನೆ. ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿ ಇಲ್ಲಿಂದಲೂ ಕಾಣುತ್ತಿತ್ತು.

"ನಾನು ಕೂಗಿದ್ದೆ," ಎಂದಳು, ಯಾರಿಗೋ ಹೇಳುವಂತೆ. "ಟೋಪಿ ಮರೆತು ಹೋಗಿದ್ರು. ಮಹಡಿಯಿಂದ ಕೂಗಿದೆ, ಅಪ್ಪಾ ಟೋಪಿ ಅಂತ. ಬೇಡ ಬಿಡು ಅಂತ ಕೈ ಆಡಿಸಿದ್ರು. ನಾನು ಒಳಗೆ ಹೋದೆ."

ಪೇಂಟರನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಕೈ ಎತ್ತಿದ್ದು ಯಾರಿಗೇ ಆಗಿರಲಿ, ಓಡಿದ ಕಾಲು ಅವನದೇ. ಅವಳು ಫೋನ್ ತೆಗೆದು, "ಗಾಡಿ ಕಳಿಸ್ಬೇಡಿ. ಇಲ್ಲ, ನಾಳೇನೂ ಬೇಡ," ಎಂದಷ್ಟೇ ಹೇಳಿ ಇಟ್ಟಳು.

"ನಡೀರಿ. ಅಪ್ಪನ ಮುಂದೆ ನಿಂತು ನೀವೇ ಹೇಳಿ. ಸೈಕಲ್ ಇಲ್ಲೇ ಇರಲಿ."

ಅವನು ಕುಂಚವನ್ನು ಡಬ್ಬಿಯ ಮೇಲಿಟ್ಟು ಹೊರಟ. ಹಿಂದೆ ಮೇಷ್ಟ್ರು ಟರ್ಪಂಟೈನ್ ಬಟ್ಟೆ ತೆಗೆದುಕೊಂಡು ನಾಲ್ಕನೆಯ ಸಾಲನ್ನು ಕರಿಹಲಗೆ ಒರೆಸುವ ಹಾಗೆ ಒರೆಸತೊಡಗಿದ್ದರು. ನೀಲಿ ಹೋಗದೆ ಬೋರ್ಡಿನುದ್ದಕ್ಕೂ ಹರಡುತ್ತಿತ್ತು.

ದಂಡೆಯ ಮೇಲೆ ಅವರು ನಡೆದರು. ಕರಿಯ ಇಬ್ಬರ ನಡುವೆ ಇತ್ತು. ಅವಳು ಒಮ್ಮೆಯೂ ಅವನ ಮುಖ ನೋಡಲಿಲ್ಲ. ಮುದುಕರು ಗೋಡೆ ಬಿಟ್ಟು ಇತ್ತ ತಿರುಗುತ್ತಾರೋ ಇಲ್ಲವೋ, ತಿರುಗಿದರೆ ಮೊದಲ ಮಾತು ಏನಾಡಬೇಕೋ ಅವನಿಗೆ ತಿಳಿಯಲಿಲ್ಲ.

ಪಂಪ್‌ಹೌಸಿನ ಬಳಿ ಹಿಂದಿನಿಂದ ಒಂದು ಬೆಲ್ ಕೇಳಿಸಿತು.

ಅಭ್ಯಾಸದಿಂದ ಅವಳ ಕೈ ಭುಜದವರೆಗೆ ಏರಿ ಅಲ್ಲೇ ನಿಂತಿತು. ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿ, ಪೂರ್ತಿ ಹಿಂದಕ್ಕೆ ತಿರುಗಿದಳು. ಸೈಕಲ್ಲಿನವನು ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದ. ಅವನ ಕಣ್ಣು ಇವಳ ಕಣ್ಣಿಗೆ ಸಿಕ್ಕಿದ ಮೇಲೆ ಕೈ ಎತ್ತಿದಳು. ಸೈಕಲ್ಲು ನಿಧಾನವಾಗಿ ಪಕ್ಕದಲ್ಲಿ ಹಾದುಹೋಯಿತು. ಕರಿಯ ನಡುಗುತ್ತ, ಹತ್ತಿರ ಸಿಕ್ಕ ಕಾಲಿಗೆ ಗಟ್ಟಿಯಾಗಿ ಒತ್ತಿಕೊಂಡು ನಿಂತಿತು. ಅದು ಪೇಂಟರನ ಕಾಲು. ಅವನು ಕಾಲು ಅಲುಗಿಸದೆ ಹಾಗೇ ನಿಂತ.